ಪರದೇಶದಲ್ಲಿ ಬೈಕ್: ಲೈಸೆನ್ಸ್ ಮತ್ತು ವಿಮೆ ಕುರಿತ ನಿಮ್ಮ ಪ್ರಶ್ನೆಗಳು

ರಜೆಗೆ ಹೋದಲ್ಲಿ ಬೈಕ್ ಬಾಡಿಗೆಗೆ ಹಿಡಿಯುವವರು, ಓದಿಗೋ ಕೆಲಸಕ್ಕೋ ಹೋಗಿ ಅಲ್ಲೇ ಗಾಡಿ ಕೊಳ್ಳುವವರು, ಸ್ವಂತ ಬುಲೆಟ್ಟಿನಲ್ಲೇ ಗಡಿ ದಾಟುವವರು, ಹೀಗೆ ಮೂರೂ ಬಗೆಯ ಓದುಗರಿಂದ ಪತ್ರಗಳು ಬಂದಿವೆ. ಮುಂದಿನ ಉತ್ತರಗಳೆಲ್ಲ ಒಂದು ಮಾತಿನ ಮೇಲೆ ನಿಂತಿವೆ, ಅದನ್ನು ಮೊದಲೇ ಹೇಳಿಬಿಡುತ್ತೇವೆ: ಆ ದೇಶದಲ್ಲಿ ನಿಮ್ಮ ಲೈಸೆನ್ಸ್ ನಡೆಯದಿದ್ದರೆ ನಿಮ್ಮ ವಿಮೆಯೂ ನಡೆಯುವುದಿಲ್ಲ. "ಸಿಕ್ಕಿಬಿದ್ದರೆ ದಂಡ ಕಟ್ಟಿದರಾಯಿತು" ಎನ್ನುವವರು ದಂಡವನ್ನು ಮಾತ್ರ ಲೆಕ್ಕ ಹಾಕಿರುತ್ತಾರೆ, ಆಸ್ಪತ್ರೆಯ ಬಿಲ್ಲನ್ನಲ್ಲ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಥಾಯ್ಲೆಂಡಿಗೆ ಹೋಗುತ್ತಿದ್ದೇವೆ. ಫುಕೆಟ್‌ನಲ್ಲಿ ಸ್ಕೂಟರ್ ಓಡಿಸಲು ಇಂಟರ್‌ನ್ಯಾಷನಲ್ ಲೈಸೆನ್ಸ್ ಬೇಕೆನ್ನುತ್ತಾರೆ. ಆನ್‌ಲೈನ್‌ನಲ್ಲಿ ಹತ್ತು ವರ್ಷ ಅವಧಿಯದ್ದು ಎರಡೇ ದಿನಕ್ಕೆ ಸಿಗುತ್ತದಂತೆ. ಆರ್‌ಟಿಒಗೆ ಹೋಗಲೇಬೇಕೆ?
— ಮೈಸೂರಿನ ಓದುಗರು

ಆ ಹತ್ತು ವರ್ಷದ್ದನ್ನು ಕೊಳ್ಳಬೇಡಿ. ಭಾರತ ಸಹಿ ಹಾಕಿರುವುದು 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದಕ್ಕೆ. ಅದರಡಿ ಕೊಡುವ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಅಂದರೆ ಐಡಿಪಿ, ಒಂದು ವರ್ಷಕ್ಕಿಂತ ಹೆಚ್ಚು ನಡೆಯುವುದೇ ಇಲ್ಲ. ಅದಕ್ಕಿಂತ ಮೊದಲೇ ನಿಮ್ಮ ಡಿಎಲ್ ಅವಧಿ ಮುಗಿದರೆ ಐಡಿಪಿಯೂ ಅಲ್ಲಿಗೇ ಮುಗಿಯಿತು. ಹತ್ತು ವರ್ಷ, ಇಪ್ಪತ್ತು ವರ್ಷ ಎಂದು ಮಾರುವುದೆಲ್ಲ ಬರೀ ಅನುವಾದದ ಚೀಟಿ. ಪೊಲೀಸರ ಮುಂದೂ ನಿಲ್ಲುವುದಿಲ್ಲ, ವಿಮೆ ಕಂಪನಿಯ ಮುಂದಂತೂ ಇಲ್ಲವೇ ಇಲ್ಲ.

ಐಡಿಪಿ ಮಾಡಿಸುವುದು ಕಷ್ಟದ ಕೆಲಸವಲ್ಲ. ಪರಿವಾಹನ್ ಜಾಲತಾಣದ ಸಾರಥಿ ವಿಭಾಗದಲ್ಲಿ ಕರ್ನಾಟಕ ಆರಿಸಿಕೊಂಡು ಡಿಎಲ್ ಸಂಖ್ಯೆ, ಜನ್ಮದಿನಾಂಕ ಹಾಕಿ. ಸೇವೆಗಳ ಪಟ್ಟಿಯಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್‌ಗೆ ಟಿಕ್ ಮಾಡಿ. ಅರ್ಜಿ ನಮೂನೆ 4ಎ. ಶುಲ್ಕ 1,000 ರೂಪಾಯಿ. ಪಾಸ್‌ಪೋರ್ಟ್, ಡಿಎಲ್, ಫೋಟೊ, ವಿಮಾನ ಟಿಕೆಟ್ ಬೇಕು. ವೀಸಾ ಮೊದಲೇ ಪಡೆಯಬೇಕಾದ ದೇಶವಾದರೆ ಅದರ ಪ್ರತಿಯನ್ನೂ ಇಟ್ಟುಕೊಳ್ಳಿ. ಮೂಲ ಡಿಎಲ್, ಪಾಸ್‌ಪೋರ್ಟ್ ತೋರಿಸಲು ಆರ್‌ಟಿಒಗೆ ಕರೆದರೆ ಒಂದು ಸುತ್ತು ಹೋಗಬೇಕಾಗುತ್ತದೆ. ಹಳೆಯ ಪುಸ್ತಕದ ಮಾದರಿಯ ಡಿಎಲ್ ಇರುವವರ ಸಂಖ್ಯೆ ಸಾರಥಿಯಲ್ಲಿ ಸಿಗದೇ ಹೋಗಬಹುದು. ಹಾಗಿದ್ದರೆ ಡಿಎಲ್ ಕೊಟ್ಟ ಆರ್‌ಟಿಒದಲ್ಲಿ ಮೊದಲು ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೆಯ ದಾಖಲೆಯನ್ನು ಸಾರಥಿಗೆ ಸೇರಿಸುವ ಕೆಲಸ, ಮಾಡಿಸಿ, ಆಮೇಲಷ್ಟೇ ಅರ್ಜಿ. ಟಿಕೆಟ್ ಬುಕ್ ಆದ ಕೂಡಲೇ ಈ ಕೆಲಸ ಶುರು ಮಾಡಿ. ಹೊರಡುವ ವಾರಕ್ಕೆ ಇಟ್ಟುಕೊಂಡರೆ ಪರದಾಡುತ್ತೀರಿ.

ಐಡಿಪಿ ಕೈಗೆ ಬಂದ ಮೇಲೆ ಕೌಂಟರಿನಿಂದ ಹೊರಬೀಳುವ ಮುನ್ನ ಎರಡು ಸಂಗತಿ ನೋಡಿ.

ಮೊದಲನೆಯದು, ವಾಹನ ವರ್ಗಗಳಿರುವ ಪುಟ. ಮೋಟಾರ್‌ಸೈಕಲ್ 'ಎ' ವರ್ಗ, ಕಾರು 'ಬಿ' ವರ್ಗ. ನಿಮ್ಮ ಡಿಎಲ್‌ನಲ್ಲಿ ಎಂಸಿಡಬ್ಲ್ಯುಜಿ (ಗೇರ್ ಇರುವ ಮೋಟಾರ್‌ಸೈಕಲ್) ಎಂದಿದ್ದರೂ ಐಡಿಪಿಯಲ್ಲಿ 'ಬಿ'ಗೆ ಮಾತ್ರ ಮುದ್ರೆ ಬಿದ್ದಿರುವುದುಂಟು. 'ಎ' ಮುಂದೆ ಮುದ್ರೆ ಇಲ್ಲದ ಐಡಿಪಿ ಬೈಕಿನ ಮಟ್ಟಿಗೆ ಇಲ್ಲದಂತೆಯೇ. ಡಿಎಲ್‌ನಲ್ಲಿ ಬರೀ ಎಲ್‌ಎಂವಿ (ಕಾರಿನಂಥ ಲಘು ವಾಹನ) ಇರುವವರಿಗೆ 'ಎ' ಸಿಗುವುದಿಲ್ಲ. ಅವರು ಇಲ್ಲೇ ಮೊದಲು ದ್ವಿಚಕ್ರದ ಲೈಸೆನ್ಸ್ ಮಾಡಿಸಬೇಕು. ಎಲ್‌ಎಲ್‌ಆರ್ (ಕಲಿಕಾ ಲೈಸೆನ್ಸ್) ಮೇಲೆ ಐಡಿಪಿ ಕೊಡುವುದಿಲ್ಲ.

ಎರಡನೆಯದು ಹೆಸರು. ನಮ್ಮ ಕಡೆಯವರಿಗೆ ಇದು ಬಹಳ ತೊಡಕು ಕೊಡುತ್ತದೆ. ಡಿಎಲ್‌ನಲ್ಲಿ 'ಮಂಜುನಾಥ ಎಚ್.ಎಸ್.' ಎಂದಿರುತ್ತದೆ, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ತಂದೆಯ ಹೆಸರು ಎರಡನ್ನೂ ಬಿಡಿಸಿ ಬರೆದು, ತಂದೆಯ ಹೆಸರನ್ನೇ ಸರ್‌ನೇಮ್ ಜಾಗಕ್ಕೆ ಹಾಕಿರುತ್ತದೆ. ಇನಿಶಿಯಲ್ ಎಂದರೇನೆಂದು ಹೊರದೇಶದ ವಿಮೆ ಗುಮಾಸ್ತರಿಗೆ ತಿಳಿಯದು. ಅವರ ಕಣ್ಣಿಗೆ ಅದು ಇಬ್ಬರು ಬೇರೆ ಬೇರೆ ಮನುಷ್ಯರ ದಾಖಲೆ. ಐಡಿಪಿಗೆ ಅರ್ಜಿ ಹಾಕುವ ಮೊದಲೇ ಸಾರಥಿಯಲ್ಲಿ ಡಿಎಲ್ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇರುವಂತೆ ತಿದ್ದಿಸಿಕೊಳ್ಳಿ.

ಪ್ರಯಾಣಕ್ಕೆ ಹೊರಟಾಗ ಮೂಲ ಡಿಎಲ್ ಕಾರ್ಡನ್ನು ಮರೆಯಬೇಡಿ. ಐಡಿಪಿ ಒಂಟಿಯಾಗಿ ನಡೆಯುವುದಿಲ್ಲ, ಡಿಎಲ್ ಜೊತೆಗಿದ್ದರೆ ಮಾತ್ರ ಬೆಲೆ. ಡಿಜಿಲಾಕರ್ ನಮ್ಮ ಟ್ರಾಫಿಕ್ ಪೊಲೀಸರಿಗೆ ಸಾಕು, ಫುಕೆಟ್ ಪೊಲೀಸರಿಗೆ ಸಾಲದು.

ಪ್ರಶ್ನೆ: ಥಾಯ್ಲೆಂಡಿನಲ್ಲಿ ಬಾಡಿಗೆ ಅಂಗಡಿಯವರು "ಇನ್ಶೂರೆನ್ಸ್ ಇದೆ" ಎನ್ನುತ್ತಾರೆ, ಜೊತೆಗೆ ಪಾಸ್‌ಪೋರ್ಟ್ ಇಟ್ಟುಕೊಳ್ಳುತ್ತಾರೆ. ಅದನ್ನು ನಂಬಿ ಗಾಡಿ ತೆಗೆದುಕೊಳ್ಳಬಹುದೆ?
— ಮಂಗಳೂರಿನ ಓದುಗರು

"ಇದೆ" ಎನ್ನುವುದು ಸುಳ್ಳಲ್ಲ. ಆದರೆ ಇರುವುದು ಏನು ಎನ್ನುವುದು ಮುಖ್ಯ. ಥಾಯ್ಲೆಂಡಿನಲ್ಲಿ ಪ್ರತಿ ವಾಹನಕ್ಕೂ 'ಪೋ ರೋ ಬೋ' ಎಂದು ಕರೆಯುವ ಕಡ್ಡಾಯ ವಿಮೆ ಇರುತ್ತದೆ. ಅದು ಮೈಗೆ ಆದ ಗಾಯಕ್ಕೆ ಮಾತ್ರ. ತಪ್ಪು ಯಾರದೇ ಇರಲಿ, ಚಿಕಿತ್ಸೆಗೆ ಮೊದಲ ಕಂತಾಗಿ 30,000 ಬಾತ್‌ವರೆಗೆ ಸಿಗುತ್ತದೆ. ತಪ್ಪು ನಿಮ್ಮದಲ್ಲ ಎಂದು ತೀರ್ಮಾನವಾದರೆ ಅದು 80,000 ಬಾತ್‌ವರೆಗೆ ಏರುತ್ತದೆ. ಕಾಲು ಮುರಿದು ಖಾಸಗಿ ಆಸ್ಪತ್ರೆಯಲ್ಲಿ ರಾಡ್ ಹಾಕಿಸಿಕೊಂಡರೆ ಈ ಹಣ ಎಲ್ಲಿಗೂ ಸಾಲುವುದಿಲ್ಲ. ನೀವು ಗುದ್ದಿದ ಕಾರಿನ ರಿಪೇರಿಗೆ, ಬಾಡಿಗೆ ಸ್ಕೂಟರಿನ ರಿಪೇರಿಗೆ, ಗಾಡಿ ಕಳುವಾದರೆ ಅದರ ಬೆಲೆಗೆ ಇದರಿಂದ ಒಂದು ಬಾತ್ ಕೂಡ ಬರುವುದಿಲ್ಲ.

ಆದ್ದರಿಂದ ಅಂಗಡಿಯವರನ್ನು ಬಿಡಿಸಿ ಕೇಳಿ: ಇರುವುದು ಪೋ ರೋ ಬೋ ಮಾತ್ರವೆ, ಅಥವಾ ಅದರ ಮೇಲೆ ಸ್ವಯಂ ಇಚ್ಛೆಯ ವಿಮೆಯನ್ನೂ ಮಾಡಿಸಿದ್ದೀರಾ? ಮಾಡಿಸಿದ್ದರೆ ಬಾಡಿಗೆಗೆ ಕೊಡುವ ಗಾಡಿ ಎಂದೇ ಮಾಡಿಸಿದ್ದೀರಾ, ಸ್ವಂತ ಬಳಕೆಯದು ಎಂದು ಮಾಡಿಸಿದ್ದೀರಾ? ಸ್ವಂತ ಬಳಕೆಗೆಂದು ವಿಮೆ ಮಾಡಿಸಿದ ಸ್ಕೂಟರನ್ನು ಬಾಡಿಗೆಗೆ ಬಿಟ್ಟಾಗ ಅಪಘಾತವಾದರೆ ಕ್ಲೇಮ್ ತಿರಸ್ಕಾರವಾಗುತ್ತದೆ. ಗಾಡಿಗೆ ಧಕ್ಕೆಯಾದರೆ ನಿಮ್ಮ ಕೈಯಿಂದ ಗರಿಷ್ಠ ಎಷ್ಟು ಕಟ್ಟಬೇಕು ಎಂಬುದನ್ನು ಒಪ್ಪಂದದ ಹಾಳೆಯಲ್ಲಿ ಅಂಕಿಯಲ್ಲಿ ಬರೆಸಿಕೊಳ್ಳಿ.

ಪಾಸ್‌ಪೋರ್ಟ್ ಮಾತ್ರ ಕೊಡಲೇಬೇಡಿ. ನೆರಳಚ್ಚು ಪ್ರತಿ ಮತ್ತು ನಗದು ಡಿಪಾಸಿಟ್‌ಗೆ ಒಪ್ಪುವ ಅಂಗಡಿಗಳು ಬೇಕಾದಷ್ಟಿವೆ. ಪಾಸ್‌ಪೋರ್ಟ್ ಅವರ ಡ್ರಾಯರಿನಲ್ಲಿದ್ದರೆ, ಗಾಡಿ ವಾಪಸ್ ಕೊಡುವಾಗ ಹಳೆಯ ಗೀರಿಗೂ ಅವರು ಹೇಳಿದ ರೇಟನ್ನು ನೀವು ತೆರಬೇಕಾಗುತ್ತದೆ. ಗಾಡಿ ತೆಗೆದುಕೊಳ್ಳುವಾಗ ಅಂಗಡಿಯವರ ಎದುರಿಗೇ ಸುತ್ತ ಒಂದು ವಿಡಿಯೊ ಮಾಡಿ. ಸೈಲೆನ್ಸರ್ ಕೆಳಭಾಗ, ಕನ್ನಡಿಗಳ ಹಿಂಬದಿ, ಬ್ರೇಕ್ ಲಿವರಿನ ತುದಿ, ಫುಟ್‌ಬೋರ್ಡ್ ಅಂಚು ಎಲ್ಲವೂ ಅದರಲ್ಲಿ ಬರಲಿ. ಗಾಡಿ ಒಮ್ಮೆ ಬಿದ್ದಿದ್ದರೆ ಗುರುತು ಇರುವುದು ಈ ಜಾಗಗಳಲ್ಲೇ.

ಹೆಲ್ಮೆಟ್ ಇಲ್ಲದಿದ್ದರೆ ದಂಡ 2,000 ಬಾತ್‌ವರೆಗೆ. ಹಿಂದೆ ಕೂತವರಿಗೂ ಬೇಕು. ಲೈಸೆನ್ಸ್ ಇಲ್ಲದೆ ಸಿಕ್ಕಿ ದಂಡ ಕಟ್ಟಿದ ರಸೀದಿ ತೋರಿಸಿಕೊಂಡು ಎರಡು ಮೂರು ದಿನ ಓಡಾಡಬಹುದು ಎಂಬ ಮಾತು ಪ್ರವಾಸಿಗರಲ್ಲಿ ಹಬ್ಬಿದೆ. ಆ ರಸೀದಿ ಲೈಸೆನ್ಸ್ ಆಗುವುದಿಲ್ಲ. ಬಿದ್ದರೆ ನಿಮ್ಮ ವಿಮೆ ಕಂಪನಿಗೆ ನೀವು ಲೈಸೆನ್ಸ್ ಇಲ್ಲದ ಸವಾರರೇ.

ಪ್ರಶ್ನೆ: ನಾವು ಮೂವರು ಗೆಳೆಯರು ವಿಯೆಟ್ನಾಂನ ಹಾ ಜಿಯಾಂಗ್ ಬೆಟ್ಟದ ರಸ್ತೆಯಲ್ಲಿ ನಾಲ್ಕು ದಿನ ಬೈಕ್ ಓಡಿಸಲು ಹೊರಟಿದ್ದೇವೆ. ಆರ್‌ಟಿಒದಿಂದ ಐಡಿಪಿ ಮಾಡಿಸಿದ್ದೇವೆ, 'ಎ' ಮುದ್ರೆಯೂ ಇದೆ. ಏಜೆಂಟ್ ಸಾಕು ಎಂದಿದ್ದಾರೆ. ಸರಿಯೆ?
— ಬೆಂಗಳೂರಿನ ಓದುಗರು

ಸರಿಯಲ್ಲ. ಇಷ್ಟು ಕಾಳಜಿಯಿಂದ ತಯಾರಿ ಮಾಡಿಕೊಂಡವರಿಗೆ ಹೀಗೆ ಹೇಳಲು ಬೇಸರವಾಗುತ್ತದೆ. ಆದರೂ ಹೊರಡುವ ಮೊದಲೇ ತಿಳಿಯುವುದು ಒಳ್ಳೆಯದು.

ನಿಮ್ಮ ಐಡಿಪಿಯ ಹೊದಿಕೆ ನೋಡಿ. ಅದರ ಮೇಲೆ 1949ರ ಸೆಪ್ಟೆಂಬರ್ 19ರ ಒಪ್ಪಂದ ಎಂದು ಮುದ್ರಿಸಿರುತ್ತದೆ. ವಿಯೆಟ್ನಾಂ ಒಪ್ಪಿಕೊಂಡಿರುವುದು 1968ರ ವಿಯೆನ್ನಾ ಒಪ್ಪಂದವನ್ನು. ಆ ಒಪ್ಪಂದದಲ್ಲಿರುವ ದೇಶಗಳು ಕೊಟ್ಟ ಐಡಿಪಿ ಮಾತ್ರ ಅಲ್ಲಿ ನಡೆಯುತ್ತದೆ. ರಸ್ತೆ ಸಂಚಾರದ ಆ 1968ರ ಒಪ್ಪಂದದಲ್ಲಿ ಭಾರತ ಇಲ್ಲ. ಹಾಗಾಗಿ ನಮ್ಮ ಐಡಿಪಿ ಎಷ್ಟೇ ಅಸಲಿಯಾಗಿದ್ದರೂ, 'ಎ' ಮುದ್ರೆ ಇದ್ದರೂ, ವಿಯೆಟ್ನಾಂ ಕಾನೂನಿನ ಪ್ರಕಾರ ನೀವು ಲೈಸೆನ್ಸ್ ಇಲ್ಲದ ಸವಾರರು. ಅಮೆರಿಕ, ಆಸ್ಟ್ರೇಲಿಯಾದ ಪ್ರವಾಸಿಗರೂ ಅಲ್ಲಿ ಇದೇ ತೊಡಕಿಗೆ ಸಿಕ್ಕಿಬೀಳುತ್ತಾರೆ.

ಬಾಡಿಗೆ ಕೊಡುವವರು ಲೈಸೆನ್ಸ್ ಕೇಳದೆಯೇ ಕೀಲಿಕೈ ಕೊಡುತ್ತಾರೆ ಎಂಬುದು ನಿಜ. ಏಜೆಂಟರ "ಸಾಕು" ಅಲ್ಲಿಂದಲೇ ಹುಟ್ಟುವುದು. ಆದರೆ ಹಾ ಜಿಯಾಂಗ್ ರಸ್ತೆಯಲ್ಲಿ ಪೊಲೀಸ್ ತಪಾಸಣೆ ಅಪರೂಪವಲ್ಲ. 2025ರ ಜನವರಿ 1ರಿಂದ ದಂಡವೂ ಏರಿದೆ: 125 ಸಿಸಿವರೆಗಿನ ಬೈಕಿಗೆ 20 ಲಕ್ಷದಿಂದ 40 ಲಕ್ಷ ಡಾಂಗ್, ಅಂದರೆ ಸುಮಾರು ಏಳು ಸಾವಿರ ರೂಪಾಯಿಯಿಂದ ಶುರು. 125 ಸಿಸಿ ದಾಟಿದರೆ 60 ಲಕ್ಷದಿಂದ 80 ಲಕ್ಷ ಡಾಂಗ್. ಬೆಟ್ಟದ ರಸ್ತೆಗೆಂದು ಹೆಚ್ಚಾಗಿ ಬಾಡಿಗೆಗೆ ಕೊಡುವ 150 ಸಿಸಿ ಹೋಂಡಾ ಎಕ್ಸ್‌ಆರ್ ಈ ಎರಡನೇ ಸಾಲಿಗೆ ಬರುತ್ತದೆ. ಗಾಡಿಯನ್ನೂ ತಡೆಹಿಡಿಯಬಹುದು. ಆ ದಿನಗಳ ಬಾಡಿಗೆ ನಿಮ್ಮ ತಲೆಗೇ.

ದಂಡಕ್ಕಿಂತ ದೊಡ್ಡ ಅಪಾಯ ಬೇರೆ. ಮಾ ಪಿ ಲೆಂಗ್ ಕಣಿವೆಯ ತಿರುವಿನಲ್ಲಿ ಜಲ್ಲಿಗೆ ಜಾರಿ ಬಿದ್ದರೆ ಒಳ್ಳೆಯ ಆಸ್ಪತ್ರೆ ಇರುವುದು ಗಂಟೆಗಟ್ಟಲೆ ದೂರದ ಹನೋಯಿಯಲ್ಲಿ. ಆಂಬುಲೆನ್ಸ್, ಶಸ್ತ್ರಚಿಕಿತ್ಸೆ, ಮಲಗಿಸಿಕೊಂಡು ವಿಮಾನದಲ್ಲಿ ವಾಪಸ್ ಕರೆತರುವ ವೆಚ್ಚ, ಇಷ್ಟನ್ನೂ ಪ್ರವಾಸ ವಿಮೆ ಕೊಡಬೇಕಿತ್ತು. "ಸ್ಥಳೀಯ ಕಾನೂನಿನ ಪ್ರಕಾರ ಊರ್ಜಿತ ಲೈಸೆನ್ಸ್" ಎಂಬ ಒಂದೇ ಷರತ್ತಿನ ಮೇಲೆ ಅದು ಕೈತಪ್ಪುತ್ತದೆ.

ಹಾಗಾದರೆ ದಾರಿ? 50 ಸಿಸಿ ಮೀರದ ಗಾಡಿಗೂ, 4 ಕಿಲೊವ್ಯಾಟ್ ಮೀರದ, ಗಂಟೆಗೆ 50 ಕಿ.ಮೀ. ಒಳಗಿನ ವೇಗದ ಎಲೆಕ್ಟ್ರಿಕ್ ಗಾಡಿಗೂ ಅಲ್ಲಿ ಲೈಸೆನ್ಸ್ ಬೇಡ. ಹೋಯಿ ಆನ್‌ನಂಥ ಸಮತಟ್ಟಾದ ಊರಿನಲ್ಲಿ ಸುತ್ತಲು ಅದು ಸಾಕು, ಹಾ ಜಿಯಾಂಗ್ ಏರು ಹತ್ತಲು ಖಂಡಿತ ಸಾಲದು. ಆ ಬೆಟ್ಟಕ್ಕೆ ನಮ್ಮ ಸಲಹೆ 'ಈಸಿ ರೈಡರ್': ಸ್ಥಳೀಯ ಲೈಸೆನ್ಸ್ ಇರುವ ಸವಾರ ಓಡಿಸುತ್ತಾನೆ, ನೀವು ಹಿಂದೆ ಕೂರುತ್ತೀರಿ. ಬೈಕ್ ಪ್ರೇಮಿಗಳಿಗೆ ಹಿಂದಿನ ಸೀಟು ರುಚಿಸದು, ಗೊತ್ತು. ಆದರೂ ನಿಮ್ಮ ವಿಮೆಯನ್ನು ಕೈಯಲ್ಲಿಟ್ಟುಕೊಂಡು ಆ ರಸ್ತೆ ನೋಡಲು ಸದ್ಯಕ್ಕೆ ಸಿಗುವ ನೇರ ದಾರಿ ಅದೇ. ನೀವೇ ಓಡಿಸುವುದಿದ್ದರೆ ನಮ್ಮ ಐಡಿಪಿ ನಡೆಯುವ ದೇಶವನ್ನು ಆರಿಸಿಕೊಳ್ಳಿ. ಉತ್ತರ ಥಾಯ್ಲೆಂಡಿನ ಮೇ ಹಾಂಗ್ ಸನ್ ಸುತ್ತು ತಿರುವುಗಳ ವಿಷಯದಲ್ಲಿ ಯಾರಿಗೂ ಕಡಿಮೆಯಿಲ್ಲ, ಅಲ್ಲಿ ಸಂಚಾರವೂ ನಮ್ಮಂತೆ ಎಡಗಡೆ.

ಇನ್ನೊಂದು ಮಾತು. ವಿಯೆಟ್ನಾಂನಲ್ಲಿ ಸವಾರನ ಉಸಿರಿನಲ್ಲಿ ಮದ್ಯ ಚೂರೂ ಇರಕೂಡದು. ಹಿಂದಿನ ರಾತ್ರಿಯ ಅಕ್ಕಿ ಮದ್ಯ ಬೆಳಗಿನ ತಪಾಸಣೆಯಲ್ಲೂ ತೋರಿಸಬಹುದು. ನಿಮ್ಮ ಈಸಿ ರೈಡರ್‌ನನ್ನೂ ಗಮನಿಸುತ್ತಿರಿ.

ಪ್ರಶ್ನೆ: ಜಪಾನಿನಲ್ಲಿ ನಮ್ಮ ಐಡಿಪಿ ನಡೆಯುತ್ತದೆಯೆ?
— ಶಿವಮೊಗ್ಗದ ಓದುಗರು

ನಡೆಯುತ್ತದೆ. ಜಪಾನ್ 1949ರ ಒಪ್ಪಂದದ ದೇಶ, ಆ ಐಡಿಪಿಯನ್ನೇ ಕೇಳುತ್ತದೆ. ಅಲ್ಲಿನ ಕಡ್ಡಾಯ ವಿಮೆಯ ಹೆಸರು 'ಜಿಬೈಸೆಕಿ'. ಅದು ನಿಮ್ಮಿಂದ ಗಾಯಗೊಂಡ ಇತರರಿಗೆ ಮಾತ್ರ: ಗಾಯಕ್ಕೆ ಒಬ್ಬರಿಗೆ 12 ಲಕ್ಷ ಯೆನ್‌ವರೆಗೆ, ಸಾವಿಗೆ 3 ಕೋಟಿ ಯೆನ್‌ವರೆಗೆ. ಎದುರಿನ ಕಾರು, ಅಂಗಡಿಯ ಗಾಜು, ನಿಮ್ಮ ಬೈಕು ಯಾವುದಕ್ಕೂ ಅದು ಇಲ್ಲ. ಆದ್ದರಿಂದ ಬಾಡಿಗೆಯಲ್ಲಿ ಸ್ವಯಂ ಇಚ್ಛೆಯ ವಿಮೆ ಸೇರಿದೆಯೇ ನೋಡಿ. ಎಕ್ಸ್‌ಪ್ರೆಸ್‌ವೇಗೆ 125 ಸಿಸಿ ದಾಟಿದ ಗಾಡಿಯೇ ಬೇಕು. ಅಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಳ್ಳಲು ಸವಾರರಿಗೆ 20 ವರ್ಷ ತುಂಬಿರಬೇಕು, ಬೈಕ್ ಲೈಸೆನ್ಸ್ ಸಿಕ್ಕು ಮೂರು ವರ್ಷ ಆಗಿರಬೇಕು.

ಪ್ರಶ್ನೆ: 50,000 ಡಾಲರ್ ಪ್ರವಾಸ ವಿಮೆ ಮಾಡಿಸಿದ್ದೇನೆ. ಬಾಲಿಯಲ್ಲಿ ಸ್ಕೂಟರಿನಿಂದ ಬಿದ್ದರೆ ಆಸ್ಪತ್ರೆ ಖರ್ಚು ಬರುತ್ತದೆ ತಾನೆ?
— ಹುಬ್ಬಳ್ಳಿಯ ಓದುಗರು

ಮೊತ್ತ ನೋಡಿ ಹೇಳುವಂತಿಲ್ಲ. ನಿಮಗೆ ಇಮೇಲ್‌ನಲ್ಲಿ ಬಂದ ಎರಡು ಪುಟದ ಪಾಲಿಸಿ ಷೆಡ್ಯೂಲ್ ಅಲ್ಲದೆ, ಕಂಪನಿಯ ಜಾಲತಾಣದಲ್ಲಿ ನಲವತ್ತು ಐವತ್ತು ಪುಟದ ಪಾಲಿಸಿ ವರ್ಡಿಂಗ್ಸ್, ಅಂದರೆ ಷರತ್ತುಗಳ ಪೂರ್ಣ ಪಾಠ, ಇರುತ್ತದೆ. ಉತ್ತರ ಇರುವುದು ಅಲ್ಲಿ. ಅದರ 'ಎಕ್ಸ್‌ಕ್ಲೂಷನ್ಸ್' (ವಿಮೆ ಅನ್ವಯಿಸದ ಸಂದರ್ಭಗಳು) ಭಾಗದಲ್ಲಿ ಮೋಟಾರ್‌ಸೈಕಲ್, ಟು-ವೀಲರ್, ಅಡ್ವೆಂಚರ್ ಸ್ಪೋರ್ಟ್ಸ್, ಹೆಲ್ಮೆಟ್, ಲೈಸೆನ್ಸ್ ಎಂಬ ಪದಗಳನ್ನು ಹುಡುಕಿ. ಕೆಲವು ಪಾಲಿಸಿ ಬೈಕ್ ಸವಾರಿಯನ್ನೇ ಹೊರಗಿಡುತ್ತವೆ. ಕೆಲವು ಇಂತಿಷ್ಟು ಸಿಸಿವರೆಗೆ ಎಂದು ಮಿತಿ ಹಾಕುತ್ತವೆ. ಬಾಲಿಯಲ್ಲಿ ಕಾಣುವ ದೊಡ್ಡ ಸ್ಕೂಟರುಗಳು 155 ಸಿಸಿಯವು, ಆದ್ದರಿಂದ ಪಾಲಿಸಿಯಲ್ಲಿ 150 ಸಿಸಿ ಮಿತಿ ಇದ್ದರೆ ಐದೇ ಸಿಸಿಗೆ ಕ್ಲೇಮ್ ಹೋಗುತ್ತದೆ. ಬಾಡಿಗೆಗೆ 110 ಅಥವಾ 125 ಸಿಸಿಯದನ್ನೇ ಕೇಳಿ. ಊರ್ಜಿತ ಲೈಸೆನ್ಸ್, ಹೆಲ್ಮೆಟ್, ಮದ್ಯ ಸೇವಿಸದಿರುವುದು ಎಂಬ ಮೂರು ಷರತ್ತುಗಳಂತೂ ಇದ್ದೇ ಇರುತ್ತವೆ ಎಂದುಕೊಳ್ಳಿ. ಬಾಲಿಯಲ್ಲಿ ಪೊಲೀಸರು ಕೇಳುವುದೂ 'ಎ' ಮುದ್ರೆಯ ಐಡಿಪಿಯನ್ನೇ.

ಓದಿ ಗೊತ್ತಾಗದಿದ್ದರೆ ಕಂಪನಿಗೆ ಇಮೇಲ್ ಬರೆಯಿರಿ. ಫೋನಿನಲ್ಲಿ ಕೇಳಬೇಡಿ, "ಆಗುತ್ತೆ ಸರ್" ಎಂಬ ಕಾಲ್ ಸೆಂಟರ್ ಮಾತನ್ನು ಕ್ಲೇಮ್ ವಿಭಾಗ ಒಪ್ಪುವುದಿಲ್ಲ. ಹೀಗೆ ಕೇಳಿ: "ಈ ಪಾಲಿಸಿ ಸಂಖ್ಯೆಯಡಿ, ಇಂಡೋನೇಷ್ಯಾದಲ್ಲಿ, 125 ಸಿಸಿ ಬಾಡಿಗೆ ಸ್ಕೂಟರನ್ನು, ಭಾರತದ ಡಿಎಲ್ ಮತ್ತು 1949ರ ಐಡಿಪಿ ಸಮೇತ, ಹೆಲ್ಮೆಟ್ ಧರಿಸಿ ಓಡಿಸುವಾಗ ಅಪಘಾತವಾದರೆ ವೈದ್ಯಕೀಯ ವೆಚ್ಚ ಮತ್ತು ವಾಪಸ್ ಸಾಗಣೆ ವೆಚ್ಚ ಸಿಗುತ್ತದೆಯೆ?" ಉತ್ತರವನ್ನು ಮುದ್ರಿಸಿ ಜೊತೆಗಿಟ್ಟುಕೊಳ್ಳಿ. ಸಾಹಸ ಕ್ರೀಡೆಯ ಹೆಚ್ಚುವರಿ ಕವರ್ ಕೊಳ್ಳಿ ಎಂದರೆ, ಅದರ ಪಟ್ಟಿಯಲ್ಲಿ ಬೈಕ್ ಹೆಸರಿದೆಯೇ ನೋಡಿದ ಮೇಲೆ ಹಣ ಕಟ್ಟಿ.

ಪ್ರವಾಸ ವಿಮೆಯಲ್ಲಿರುವ 'ಪರ್ಸನಲ್ ಲಯಬಿಲಿಟಿ' ಭಾಗ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಮೋಟಾರು ವಾಹನ ಓಡಿಸುವಾಗ ಇತರರಿಗೆ ಮಾಡಿದ ಹಾನಿಯನ್ನು ಅದು ಸಾಮಾನ್ಯವಾಗಿ ಹೊರಗಿಡುತ್ತದೆ. ಅದಕ್ಕೆ ಬಾಡಿಗೆ ಗಾಡಿಯ ವಿಮೆಯೇ ಆಗಬೇಕು. ಊರಲ್ಲಿ ನಿಮ್ಮ ಸ್ವಂತ ಬೈಕಿಗೆ ಕಟ್ಟಿರುವ 15 ಲಕ್ಷದ ಮಾಲೀಕ-ಚಾಲಕ ಅಪಘಾತ ವಿಮೆಯೂ ಬಾಲಿಯವರೆಗೆ ಬರುವುದಿಲ್ಲ.

ಅಪಘಾತವಾದರೆ ಪಾಲಿಸಿಯಲ್ಲಿರುವ 24 ಗಂಟೆಯ ಸಹಾಯವಾಣಿಗೆ, ಆಸ್ಪತ್ರೆಗೆ ದಾಖಲಾಗುವ ಮೊದಲು ಅಥವಾ ದಾಖಲಾದ ಕೂಡಲೇ, ಯಾರಿಂದಲಾದರೂ ಫೋನ್ ಮಾಡಿಸಿ. ಅವರ ಒಪ್ಪಿಗೆ ಇಲ್ಲದೆ ನಗದುರಹಿತ ಚಿಕಿತ್ಸೆ ಸಿಗುವುದು ಕಷ್ಟ. ಪೊಲೀಸ್ ವರದಿಯ ಪ್ರತಿ, ಬಾಡಿಗೆ ಒಪ್ಪಂದ, ಡಿಎಲ್–ಐಡಿಪಿ ಪ್ರತಿ, ಪಾಸ್‌ಪೋರ್ಟಿನಲ್ಲಿ ಪ್ರವೇಶ ಮುದ್ರೆಯ ಪುಟ, ಡಿಸ್ಚಾರ್ಜ್ ಸಾರಾಂಶ, ಹಣ ಕಟ್ಟಿದ ಮೂಲ ರಸೀದಿಗಳು, ಇಷ್ಟಿಲ್ಲದೆ ಊರಿಗೆ ಮರಳಬೇಡಿ. "ಸಣ್ಣ ಪೆಟ್ಟು, ಪೊಲೀಸರೇಕೆ" ಎಂದು ಬಿಟ್ಟುಬಂದವರ ಕ್ಲೇಮುಗಳೇ ಹೆಚ್ಚಾಗಿ ನಿಂತುಹೋಗುವುದು.

ಪ್ರಶ್ನೆ: ಧಾರವಾಡದಿಂದ ಸ್ವಂತ ಬೈಕಿನಲ್ಲಿ ನೇಪಾಳಕ್ಕೆ ಹೋಗುವ ಯೋಚನೆ. ಬೈಕ್ ಮೇಲೆ ಸಾಲ ಇದೆ. ಯಾವ ಕಾಗದ ಬೇಕು? ನಮ್ಮ ಇನ್ಶೂರೆನ್ಸ್ ಅಲ್ಲಿ ನಡೆಯುತ್ತದೆಯೆ?
— ಧಾರವಾಡದ ಓದುಗರು

ಭಾರತದ ಡಿಎಲ್ ಅಲ್ಲಿ ಸಾಕು. ವಿಮೆ ಮಾತ್ರ ತಾನಾಗಿ ಗಡಿ ದಾಟುವುದಿಲ್ಲ. ನಿಮ್ಮ ಪಾಲಿಸಿಯಲ್ಲಿ 'ಜಿಯಾಗ್ರಫಿಕಲ್ ಏರಿಯಾ: ಇಂಡಿಯಾ' ಎಂಬ ಸಾಲಿದೆ. ಅದನ್ನು ವಿಸ್ತರಿಸುವ ಎಂಡಾರ್ಸ್‌ಮೆಂಟ್‌ಗೆ, ಅಂದರೆ ಪಾಲಿಸಿಗೆ ಸೇರಿಸುವ ತಿದ್ದುಪಡಿ ಪತ್ರಕ್ಕೆ, ಐಎಂಟಿ-1 ಎಂದು ಹೆಸರು. ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್, ಪಾಕಿಸ್ತಾನಗಳಿಗೆ ಹೀಗೆ ವಿಸ್ತರಿಸಬಹುದು. ಮೋಟಾರ್ ದರಪಟ್ಟಿಯಲ್ಲಿ ಇದಕ್ಕೆ ಪ್ಯಾಕೇಜ್ ಪಾಲಿಸಿಗೆ (ಸ್ವಂತ ಗಾಡಿಯ ಹಾನಿಯೂ ಸೇರಿದ್ದು) 500 ರೂಪಾಯಿ, ಬರೀ ಲಯಬಿಲಿಟಿ ಪಾಲಿಸಿಗೆ (ಥರ್ಡ್ ಪಾರ್ಟಿ) 100 ರೂಪಾಯಿ ಎಂದಿತ್ತು. ಕಂಪನಿ ಈಗ ಎಷ್ಟು ಕೇಳಿದರೂ ದೊಡ್ಡ ಹೊರೆಯೇನಲ್ಲ. ಆನ್‌ಲೈನ್‌ನಲ್ಲಿ ಕೊಂಡ ಪಾಲಿಸಿಯಾದರೆ ಜಾಲತಾಣದಲ್ಲಿ ಈ ಆಯ್ಕೆ ಕಾಣದೇ ಇರಬಹುದು. ಇಮೇಲ್ ಬರೆಯಿರಿ ಅಥವಾ ಶಾಖೆಗೆ ಹೋಗಿ. ಹೊರಡುವ ಮೊದಲೇ ಆಗಬೇಕು, ಹಿಂದಿನ ದಿನಾಂಕದಿಂದ ಯಾರೂ ಕೊಡುವುದಿಲ್ಲ. ಮುದ್ರಿತ ಪ್ರತಿಯಲ್ಲಿ ದೇಶದ ಹೆಸರು, ಅವಧಿ ಎರಡೂ ಇರಲಿ.

ಆರ್‌ಸಿ ಮೂಲಪ್ರತಿ ಜೊತೆಗಿರಲಿ. ಅಲ್ಲಿನ ಪೊಲೀಸರು 'ಬ್ಲೂ ಬುಕ್' ಕೇಳಿದರೆ ಅದು ಆರ್‌ಸಿಯೇ, ಗಾಬರಿಯಾಗಬೇಡಿ. ಬೈಕ್ ಅಣ್ಣನ ಹೆಸರಿನಲ್ಲೋ ಅಪ್ಪನ ಹೆಸರಿನಲ್ಲೋ ಇದ್ದರೆ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ. ಸಾಲ ಇರುವುದರಿಂದ ಬ್ಯಾಂಕಿನಿಂದ, ಬೈಕನ್ನು ತಾತ್ಕಾಲಿಕವಾಗಿ ನೇಪಾಳಕ್ಕೆ ಒಯ್ಯಲು ಅಡ್ಡಿಯಿಲ್ಲ ಎಂಬ ಎನ್‌ಒಸಿ ತೆಗೆದುಕೊಳ್ಳಿ. ಕಳುವಾದಾಗ ಕೇಳುವ ಮೊದಲ ಕಾಗದ ಅದೇ.

ಸುನೌಲಿ ಅಥವಾ ರಕ್ಸೌಲ್ ದಾಟಿದ ಕೂಡಲೇ ನೇಪಾಳದ ಕಸ್ಟಮ್ಸ್ ಕಚೇರಿಯಲ್ಲಿ 'ಭನ್ಸಾರ್', ಅಂದರೆ ಗಾಡಿಯ ತಾತ್ಕಾಲಿಕ ಪ್ರವೇಶದ ಚೀಟಿ, ಮಾಡಿಸಬೇಕು. ಎಷ್ಟು ದಿನ ಇರುತ್ತೀರೋ ಅಷ್ಟು ದಿನದ ಶುಲ್ಕ ಮೊದಲೇ ಕಟ್ಟುವುದು. ಪಕ್ಕದಲ್ಲೇ ಸಾರಿಗೆ ಪರ್ಮಿಟ್ ಸಿಗುತ್ತದೆ. ಒಂದೆರಡು ದಿನ ಹೆಚ್ಚಿಗೆ ಬರೆಸಿ. ಮಳೆಗೆ ಗುಡ್ಡ ಕುಸಿದು ಮುಗ್ಲಿಂಗ್ ರಸ್ತೆ ಬಂದ್ ಆದರೆ ನೀವು ಅಂದುಕೊಂಡ ದಿನಕ್ಕೆ ಗಡಿ ಸೇರುವುದಿಲ್ಲ, ಅವಧಿ ಮೀರಿದ ಬೈಕಿಗೆ ದಂಡ ಬೀಳುತ್ತದೆ. ಭನ್ಸಾರ್ ಚೀಟಿ ತೆಳು ಕಾಗದ, ಮಳೆಯಲ್ಲಿ ನೆನೆದರೆ ಮುಗಿಯಿತು. ಪ್ಲಾಸ್ಟಿಕ್ ಕವರಿನಲ್ಲಿಡಿ, ಫೋನಿನಲ್ಲೂ ಫೋಟೊ ಇರಲಿ.

ಶ್ರೀಲಂಕಾ ಬಗ್ಗೆ ಕೇಳಿದವರಿಗೆ ಇಲ್ಲೇ ಒಂದು ಮಾತು: ಅದು 1949ರ ಒಪ್ಪಂದದ ದೇಶವಾದರೂ ಐಡಿಪಿಗೆ ಕೊಲಂಬೊದ ಆಟೊಮೊಬೈಲ್ ಅಸೋಸಿಯೇಷನ್ ಆಫ್ ಸಿಲೋನ್‌ನಿಂದ ಅನುಮೋದನೆ ಹಾಕಿಸಿಕೊಳ್ಳಬೇಕು. ಅದಿಲ್ಲದೆ ಓಡಿಸಬೇಡಿ.

ಪ್ರಶ್ನೆ: ಮಗ ಸ್ಟುಟ್‌ಗಾರ್ಟ್‌ನಲ್ಲಿ ಎಂಎಸ್ ಓದುತ್ತಿದ್ದಾನೆ. ಹೋಗಿ ಐದು ತಿಂಗಳಾಯಿತು. ಈಗ ಹಳೆಯ ಬೈಕ್ ಕೊಳ್ಳುತ್ತೇನೆ ಎನ್ನುತ್ತಾನೆ. ಇಲ್ಲಿನ ಲೈಸೆನ್ಸ್ ಎಷ್ಟು ದಿನ ನಡೆಯುತ್ತದೆ?
— ಉಡುಪಿಯ ಓದುಗರು

ಅಲ್ಲಿ ವಾಸ ಶುರುವಾದ ದಿನದಿಂದ ಆರು ತಿಂಗಳು, ಅನುವಾದದ ಜೊತೆ. ಅನುವಾದವನ್ನು ಎಡಿಎಸಿ ವಾಹನ ಸಂಘವೂ ಮಾಡಿಕೊಡುತ್ತದೆ. ಆರು ತಿಂಗಳು ಮುಗಿದ ಮರುದಿನವೂ ಅವನು ಬೈಕ್ ಓಡಿಸಿದರೆ ಅದು ಲೈಸೆನ್ಸ್ ಇಲ್ಲದ ಸವಾರಿ. ಜರ್ಮನಿಯಲ್ಲಿ ಅದು ಬರೀ ದಂಡದ ವಿಷಯವಲ್ಲ, ಕ್ರಿಮಿನಲ್ ಅಪರಾಧ. ಒಂದು ವರ್ಷದವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ. ವಿದ್ಯಾರ್ಥಿ ವೀಸಾದಲ್ಲಿರುವ ಹುಡುಗನಿಗೆ ಅಂಥ ಕಲೆ ಬೇಡವೇ ಬೇಡ. ಐಡಿಪಿಯಲ್ಲಿ ಒಂದು ವರ್ಷ ಎಂದು ಬರೆದಿದೆಯಲ್ಲ ಎಂದು ಅವನು ವಾದಿಸಬಹುದು. ಅದು ಪ್ರವಾಸಿಗರಿಗೆ, ನಿವಾಸಿಗಳಿಗಲ್ಲ. ಬೇರೆ ದೇಶಗಳಲ್ಲಿ ಕೆಲಸಕ್ಕಿರುವ ನಮ್ಮವರೂ ಎಡವುವುದು ಇಲ್ಲೇ. ಕ್ಯಾಲಿಫೋರ್ನಿಯಾದಲ್ಲಂತೂ ನೆಲೆಸಿದವರಿಗೆ ಇರುವುದು ಹತ್ತೇ ದಿನ.

ಭಾರತದ ಲೈಸೆನ್ಸನ್ನು ಜರ್ಮನಿ ಪರೀಕ್ಷೆಯಿಲ್ಲದೆ ಬದಲಿಸಿಕೊಡುವುದಿಲ್ಲ. ಕಡ್ಡಾಯ ತರಗತಿಗಳಿಂದ ವಿನಾಯಿತಿ ಇದೆ. ಲಿಖಿತ ಮತ್ತು ರಸ್ತೆ ಪರೀಕ್ಷೆ ಎರಡನ್ನೂ ಪಾಸು ಮಾಡಬೇಕು. ಕಣ್ಣಿನ ಪರೀಕ್ಷೆ, ಪ್ರಥಮ ಚಿಕಿತ್ಸೆ ತರಬೇತಿಯ ಪ್ರಮಾಣಪತ್ರ ಬೇಕು. ಲಿಖಿತ ಪರೀಕ್ಷೆ ಇಂಗ್ಲಿಷಿನಲ್ಲೂ ಇದೆ. ರಸ್ತೆ ಪರೀಕ್ಷೆ ಡ್ರೈವಿಂಗ್ ಶಾಲೆಯ ಮೂಲಕವೇ ಆಗುವುದರಿಂದ ಕೆಲವು ಪಾಠಗಳಿಗೆ ಹಣ ತೆಗೆದಿಡಿ. ಬಲಬದಿಯ ಸಂಚಾರ, ಹಿಂದಿರುಗಿ ಭುಜದ ಮೇಲಿಂದ ನೋಡುವ ಅಭ್ಯಾಸ ನಮ್ಮವರಿಗೆ ಹೊಸದು. ಅಲ್ಲಿನ ಬೈಕ್ ವರ್ಗಗಳಲ್ಲಿ ಎ1 ಎಂದರೆ 125 ಸಿಸಿ, 11 ಕಿಲೊವ್ಯಾಟ್‌ವರೆಗೆ. ಎ2 ಎಂದರೆ 35 ಕಿಲೊವ್ಯಾಟ್‌ವರೆಗೆ. ಮಿತಿಯಿಲ್ಲದ ಎ ವರ್ಗ ನೇರವಾಗಿ ಬೇಕೆಂದರೆ 24 ವರ್ಷ ತುಂಬಿರಬೇಕು. ಬೈಕ್ ಕೊಳ್ಳುವ ಮೊದಲು ಯಾವ ವರ್ಗದ ಲೈಸೆನ್ಸ್ ಸಿಗುತ್ತದೆ ಎಂಬುದನ್ನು ನೋಡಿಕೊಳ್ಳಲಿ.

ವಿಮೆ ಇಲ್ಲದೆ ಅಲ್ಲಿ ನೋಂದಣಿಯೇ ಇಲ್ಲ. ವಿಮೆ ಇದೆ ಎಂಬುದಕ್ಕೆ ಕಂಪನಿ ಕೊಡುವ ಏಳು ಅಕ್ಷರದ 'ಇವಿಬಿ' ಸಂಕೇತ ತೋರಿಸಿದರೆ ಮಾತ್ರ ನಂಬರ್ ಪ್ಲೇಟ್. 'ಹಾಫ್ಟ್‌ಫ್ಲಿಷ್ಟ್' ಎಂಬುದು ಕಡ್ಡಾಯ ಥರ್ಡ್ ಪಾರ್ಟಿ, 'ಟೈಲ್‌ಕಾಸ್ಕೊ' ಕಳವು, ಬೆಂಕಿ, ಆಲಿಕಲ್ಲಿಗೆ, 'ಫೋಲ್‌ಕಾಸ್ಕೊ' ತಾನೇ ಬಿದ್ದದ್ದಕ್ಕೂ ಸೇರಿ. ಹಳೆಯ ಬೈಕಿಗೆ ಟೈಲ್‌ಕಾಸ್ಕೊ ಸಾಕು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಎಂಬಂತೆ ಋತುಮಾನದ ಪ್ಲೇಟ್ ಪಡೆದರೆ ತೆರಿಗೆಯೂ ಪ್ರೀಮಿಯಂ ಕೂಡ ಇಳಿಯುತ್ತದೆ, ಚಳಿಗಾಲದ ಹಿಮದಲ್ಲಿ ಓಡಿಸುವ ಆಸೆಗೂ ಕಡಿವಾಣ. ಲೈಸೆನ್ಸ್ ಇಲ್ಲದೆ ಗುದ್ದಿದರೆ ಗಾಯಗೊಂಡವರಿಗೆ ಕಂಪನಿ ಪರಿಹಾರ ಕೊಡುತ್ತದೆ, ಆಮೇಲೆ 5,000 ಯೂರೊವರೆಗೆ ಮಗನಿಂದ ವಸೂಲಿ ಮಾಡುತ್ತದೆ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ಮಗಳ ಮನೆಗೆ ಹೋದಾಗ ಎರಡು ದಿನ ಹಾರ್ಲೆ ಬಾಡಿಗೆಗೆ ತೆಗೆದುಕೊಳ್ಳುವ ಆಸೆ. ಸಾಧ್ಯವೆ?
— ತುಮಕೂರಿನ ಓದುಗರು

ಸಾಧ್ಯ. ಪ್ರವಾಸಿಗರು ತಮ್ಮ ದೇಶದ, ಅದೇ ವರ್ಗದ ಲೈಸೆನ್ಸ್ ಮೇಲೆ ಅಲ್ಲಿ ಓಡಿಸಬಹುದು. ಆದರೆ ಬಾಡಿಗೆ ಕೌಂಟರಿನವರಿಗೆ 'ಎಂಸಿಡಬ್ಲ್ಯುಜಿ' ಅಂದರೆ ಏನೆಂದು ಗೊತ್ತಿರದು. ಐಡಿಪಿಯ 'ಎ' ಪುಟ ತೋರಿಸಿದರೆ ಮಾತು ಮುಗಿಯುತ್ತದೆ. ವಿಮೆಯಲ್ಲಿ ಉಳಿತಾಯ ಮಾಡಬೇಡಿ. ಆ ರಾಜ್ಯದ ಕನಿಷ್ಠ ಥರ್ಡ್ ಪಾರ್ಟಿ ಮೊತ್ತ 2025ರಿಂದ ಒಬ್ಬರ ಗಾಯಕ್ಕೆ 30,000 ಡಾಲರ್, ಒಂದು ಅಪಘಾತಕ್ಕೆ ಒಟ್ಟು 60,000, ಆಸ್ತಿ ಹಾನಿಗೆ 15,000. ಅಮೆರಿಕದ ಆಸ್ಪತ್ರೆ ವೆಚ್ಚದ ಮುಂದೆ ಇದು ಏನೂ ಅಲ್ಲ. ಕೌಂಟರಿನಲ್ಲಿ ಕೊಡುವ ಹೆಚ್ಚುವರಿ ಲಯಬಿಲಿಟಿ ವಿಮೆಯನ್ನು ಖಂಡಿತ ಕೊಳ್ಳಿ. ಪ್ರವಾಸ ವಿಮೆಯ ಸಿಸಿ ಮಿತಿಯನ್ನೂ ನೋಡಿಕೊಳ್ಳಿ. ಹಾರ್ಲೆಗಳು ಹೆಚ್ಚಾಗಿ ಸಾವಿರ ಸಿಸಿ ದಾಟುತ್ತವೆ.

ಪ್ರಶ್ನೆ: ಹೊರದೇಶದಲ್ಲಿರುವಾಗಲೇ ಐಡಿಪಿ ಅವಧಿ ಮುಗಿದರೆ?
— ದಾವಣಗೆರೆಯ ಓದುಗರು

2021ರ ತಿದ್ದುಪಡಿಯ ನಂತರ ಆ ದೇಶದ ಭಾರತೀಯ ರಾಯಭಾರ ಕಚೇರಿಯ ಮೂಲಕ ಅರ್ಜಿ ಹಾಕಬಹುದು. ಅದು ನಿಮ್ಮ ಆರ್‌ಟಿಒಗೆ ಬರುತ್ತದೆ, ಅಲ್ಲಿಂದ ಹೊಸ ಐಡಿಪಿ ವಿದೇಶದ ವಿಳಾಸಕ್ಕೆ ಬರುತ್ತದೆ. ಅದು ಕೈಸೇರುವವರೆಗೆ ಓಡಿಸಬೇಡಿ. ನೀವು ಅಲ್ಲಿನ ನಿವಾಸಿಯೇ ಆಗಿದ್ದರೆ ಮೇಲೆ ಉಡುಪಿಯವರಿಗೆ ಹೇಳಿದ್ದೇ ನಿಮಗೂ. ಅಲ್ಲಿನ ಲೈಸೆನ್ಸ್ ಮಾಡಿಸಿ.

ಪ್ರಶ್ನೆ: ನಾನು ಗಾಡಿ ಓಡಿಸುವುದಿಲ್ಲ, ಯಜಮಾನರ ಹಿಂದೆ ಕೂರುತ್ತೇನೆ. ಅವರ ಲೈಸೆನ್ಸ್ ಸರಿ ಇಲ್ಲದಿದ್ದರೆ ನನ್ನ ಪ್ರವಾಸ ವಿಮೆಯೂ ಹೋಗುತ್ತದೆಯೆ?
— ಹಾಸನದ ಓದುಗರು

ಬಹಳ ಒಳ್ಳೆಯ ಪ್ರಶ್ನೆ, ಕೇಳುವವರು ಕಡಿಮೆ. ಇದು ಪಾಲಿಸಿಯ ಒಂದು ಪದದ ಮೇಲೆ ನಿಂತಿದೆ. ಎಕ್ಸ್‌ಕ್ಲೂಷನ್‌ನಲ್ಲಿ 'ಓಡಿಸುವಾಗ' ಎಂದಷ್ಟೇ ಇದ್ದರೆ ನಿಮ್ಮ ಕ್ಲೇಮಿಗೆ ದಾರಿ ಇದೆ. 'ಓಡಿಸುವಾಗ ಅಥವಾ ಪ್ರಯಾಣಿಕರಾಗಿ ಕುಳಿತಿರುವಾಗ' ಎಂದಿದ್ದರೆ, ಅಥವಾ ಸವಾರನಿಗೆ ಊರ್ಜಿತ ಲೈಸೆನ್ಸ್ ಇರಬೇಕು ಎಂದು ಸೇರಿಸಿದ್ದರೆ, ಯಜಮಾನರ ಜೊತೆಗೆ ನಿಮ್ಮದೂ ಹೋಗುತ್ತದೆ. ಹೆಲ್ಮೆಟ್ ಷರತ್ತು ಹಿಂಬದಿ ಸವಾರರಿಗೂ ಇರುತ್ತದೆ. ಬಾಡಿಗೆ ಅಂಗಡಿ ಕೊಡುವ ಎರಡನೇ ಹೆಲ್ಮೆಟ್ ಹೆಚ್ಚಾಗಿ ಅರ್ಧ ಚಿಪ್ಪಿನದು, ಪಟ್ಟಿ ಸಡಿಲವಾಗಿರುತ್ತದೆ; ಬೇರೆ ಕೊಡಿ ಎಂದು ಕೇಳಿ, ಇಲ್ಲವೆಂದರೆ ಅಂಗಡಿ ಬದಲಿಸಿ. ಅವರ ಐಡಿಪಿಯಲ್ಲಿ 'ಎ' ಮುದ್ರೆ ಇದೆಯೇ ಎಂದು ಮನೆಯಲ್ಲೇ ನೀವೇ ನೋಡಿ. ಇಲ್ಲದಿದ್ದರೆ ಬ್ಯಾಂಕಾಕ್, ಬಾಲಿ, ಹನೋಯಿ ಎಲ್ಲ ಕಡೆಯೂ ಆ್ಯಪ್‌ನಲ್ಲಿ ಕರೆಯುವ ಬೈಕ್ ಟ್ಯಾಕ್ಸಿಗಳಿವೆ. ಎರಡು ಬುಕ್ ಮಾಡಿದರೆ ಇಬ್ಬರೂ ಹೋಗಬಹುದು.